ಉಳಿಯಬೇಕಾದ ಕಷ್ಟ

ಹಳೆಯದೊಂದು ಕೃತಿಯನ್ನು ಹೊಸ ಕಾಲದ ಜನರಿಗಾಗಿ ಮರಳಿ ರಚಿಸಲು ಹೊರಟವನು ಅದರಲ್ಲಿ ಏನನ್ನು ಉಳಿಸಬೇಕು, ಏನನ್ನು ಕಳೆಯಬೇಕು ಎಂಬ ಪ್ರಶ್ನೆಯನ್ನು ಕವಿಗಳೂ ಮೀಮಾಂಸಕರೂ ಶತಮಾನಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಅದೇ ಪ್ರಶ್ನೆಯು ಇಂದು ಮಕ್ಕಳ ಅಂಗೈಯಲ್ಲಿರುವ ಆಟದ ಯಂತ್ರದೊಳಗೂ ಅಷ್ಟೇ ಗಾಂಭೀರ್ಯದಿಂದ ಎದ್ದು ನಿಂತಿದೆಯೆಂಬುದನ್ನು ನಮ್ಮಲ್ಲಿ ಹಲವರು ಇನ್ನೂ ಲಕ್ಷ್ಯಕ್ಕೆ ತಂದುಕೊಂಡಂತಿಲ್ಲ. ಬೇಸಗೆಯ ಸೂಟಿಯಲ್ಲಿ ಸೊಲ್ಲಾಪುರದ ನಮ್ಮ ಮನೆಗೆ ಬಂದಿದ್ದ ನನ್ನ ತಂಗಿಯ ಮೊಮ್ಮಗನು, ಅಕ್ಕಲಕೋಟೆ ತಾಲೂಕಿನ ಮೈಂದರಗಿ ಕಡೆಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದುತ್ತಿರುವವನು, ನನ್ನ ತಮ್ಮನ ಮಗ ಪುಣೆಯ ನೌಕರಿಗೆ ಹೋಗುವಾಗ ಕಪಾಟಿನಲ್ಲಿ ಬಿಟ್ಟುಹೋಗಿದ್ದ ನಿಂಟೆಂಡೋ ಡಿಎಸ್ ಯಂತ್ರವನ್ನು ಹೊರಗೆ ತೆಗೆದನು. ಅದರಲ್ಲಿದ್ದ ‘ಪೋಕೆಮಾನ್ ಹಾರ್ಟ್‌ಗೋಲ್ಡ್’ ಎಂಬ ಆಟವನ್ನು ನಾವಿಬ್ಬರೂ ಕೂಡಿಯೇ ಆದಿಯಿಂದ ಅಂತ್ಯದವರೆಗೆ ನಡೆದೆವು. ಆ ನಡಿಗೆಯಲ್ಲಿ ನನಗೆ ದೃಢವಾದ ಅಭಿಪ್ರಾಯವೊಂದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ: ಯಂತ್ರದ ದೌರ್ಬಲ್ಯದಿಂದ ಹುಟ್ಟಿದ ಕಷ್ಟವನ್ನು ಪುನಾರಚನೆಯು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು, ಕೃತಿಯ ಸಂಕಲ್ಪದಿಂದಲೇ ಹುಟ್ಟಿದ ಕಷ್ಟವನ್ನು ಮುಟ್ಟಬಾರದು.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಜಪಾನಿನ ಗೇಮ್ ಫ್ರೀಕ್ ಸಂಸ್ಥೆಯ ಸತೋಶಿ ತಜಿರಿ ಎಂಬವರು ಬಾಲ್ಯದಲ್ಲಿ ತೋಕಿಯೋ ನಗರದ ಹೊರವಲಯದ ಹೊಲಗದ್ದೆಗಳಲ್ಲಿ ಹುಳುಗಳನ್ನು ಹಿಡಿಯುತ್ತಿದ್ದರು. ಕಾಲಕ್ರಮದಲ್ಲಿ ಆ ಹೊಲಗಳ ಮೇಲೆ ಕಟ್ಟಡಗಳೆದ್ದು ಹುಳುಗಳು ಕಾಣದಾದಾಗ, ಆ ಸಂಗ್ರಹದ ಸಂತೋಷವನ್ನು ಮುಂದಿನ ಮಕ್ಕಳಿಗೆ ಒದಗಿಸಬೇಕೆಂಬ ಆಸೆಯಿಂದ ಅವರು ಕಲ್ಪಿಸಿದ ಆಟವು 1996ರ ಫೆಬ್ರವರಿಯಲ್ಲಿ ಗೇಮ್ ಬಾಯ್ ಯಂತ್ರಕ್ಕೆ ಬಂದಿತು. ನಮ್ಮ ಕಡೆಯ ಹುಡುಗರು ಮಳೆಗಾಲದಲ್ಲಿ ಜಾಲಿಯ ಗಿಡದಿಂದ ಜೀರಂಗಿಯನ್ನು ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿ ಎಳೆಯ ಎಲೆ ಹಾಸಿ ಸಾಕಿ, ಒಬ್ಬರದನ್ನೊಬ್ಬರಿಗೆ ತೋರಿಸಿ, ಬದಲು ಮಾಡಿಕೊಳ್ಳುವ ಆ ಹಳೆಯ ವ್ಯವಹಾರವನ್ನು ಬಲ್ಲವರಿಗೆ ಈ ಆಟದ ಮೂಲತತ್ತ್ವವನ್ನು ಬೇರೆ ವಿವರಿಸಬೇಕಾದುದಿಲ್ಲ. ಹುಲ್ಲಿನಲ್ಲಿಯೂ ಗವಿಯಲ್ಲಿಯೂ ನೀರಿನಲ್ಲಿಯೂ ಅಡಗಿದ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಊರೂರಿನ ಜಿಮ್ಮುಗಳ ಮುಖ್ಯಸ್ಥರನ್ನು ಸೋಲಿಸಿ, ಬ್ಯಾಜುಗಳನ್ನು ಗಳಿಸುತ್ತ ಹೋಗುವ ಬಾಲಕನೊಬ್ಬನ ಯಾತ್ರೆಯೇ ಇದರ ಕಥೆ. ಇದರ ಎರಡನೆಯ ಪೀಳಿಗೆಯ ಆಟಗಳಾದ ‘ಗೋಲ್ಡ್’ ಮತ್ತು ‘ಸಿಲ್ವರ್’ 1999ರ ನವೆಂಬರದಲ್ಲಿ ಜಪಾನಿನಲ್ಲಿ ಪ್ರಕಟವಾದವು. ಹತ್ತು ವರ್ಷಗಳ ತರುವಾಯ, 2009ರ ಸೆಪ್ಟೆಂಬರದಲ್ಲಿ, ಅವೇ ಆಟಗಳು ‘ಹಾರ್ಟ್‌ಗೋಲ್ಡ್’, ‘ಸೋಲ್‌ಸಿಲ್ವರ್’ ಎಂಬ ಹೆಸರಿನಿಂದ ಹೊಸ ಯಂತ್ರಕ್ಕೆ ಮರುಹುಟ್ಟು ಪಡೆದವು.

ಮೂಲದ ಆಟಗಾರನು ಪಟ್ಟ ಪಾಡಿನಲ್ಲಿ ಬಹುಭಾಗವು ಯಂತ್ರದ ಬಡತನದಿಂದ ಬಂದುದು. ಹಿಡಿದ ಪ್ರಾಣಿಗಳನ್ನು ಇಡುವುದಕ್ಕೆ ಅಲ್ಲಿ 14 ಪೆಟ್ಟಿಗೆಗಳಿದ್ದವು, ಒಂದೊಂದರಲ್ಲಿ 20 ಪ್ರಾಣಿಗಳಿಗೆ ಸ್ಥಳ. ಎದುರಿನ ಪೆಟ್ಟಿಗೆ ತುಂಬಿತೆಂದರೆ ಅಪರೂಪದ ಪ್ರಾಣಿಯೇ ಬಂದು ನಿಂತರೂ ಅದನ್ನು ಹಿಡಿಯುವ ಚೆಂಡನ್ನು ಎಸೆಯಲು ಬಾರದು, ಊರಿಗೆ ಮರಳಿ ಪೆಟ್ಟಿಗೆಯನ್ನು ಬದಲಿಸಬೇಕು, ಬದಲಿಸಿದಾಗಲೆಲ್ಲ ಆಟವನ್ನು ಸೇವ್ ಮಾಡಿ ಕಾಯುತ್ತ ಕೂರಬೇಕು. ಇನ್ನೂ ದುಃಖದ ಸಂಗತಿಯೆಂದರೆ, ಆಟದೊಳಗಿನ ಗಡಿಯಾರವನ್ನು ನಡೆಸುವ ಬ್ಯಾಟರಿಯೇ ಆಟಗಾರನ ನೆನಪನ್ನೂ ಕಾಯುತ್ತಿದ್ದುದರಿಂದ, ಕೆಲವು ವರ್ಷಗಳಲ್ಲಿ ಅದು ಸತ್ತಾಗ, ಗಳಿಸಿದುದೆಲ್ಲವೂ ಅದರೊಡನೆ ಹೋಗುತ್ತಿತ್ತು. ಇಂಥ ಕಷ್ಟಗಳಲ್ಲಿ ಯಾವ ಪುರುಷಾರ್ಥವೂ ಇಲ್ಲ. ಹೊಸ ರಚನೆಯು ಇವನ್ನು ತೆಗೆದುಹಾಕಿತು, ಓಡುವ ಬೂಟುಗಳನ್ನು ಕೊಟ್ಟಿತು, ಹಿಡಿದ ಪ್ರಾಣಿಯು ಯಜಮಾನನ ಹಿಂದೆ ಹಿಂದೆಯೇ ನಡೆದು ಬರುವಂತೆ ಮಾಡಿತು. ಯಾತ್ರೆಯು ಬಹುದೂರ ಸಾಗಿದ ಮೇಲೆ, ಹಳೆಯ ಗೇಮ್ ಬಾಯ್ ಯಂತ್ರದ ಬಡಕಲು ಸ್ವರದಲ್ಲಿಯೇ ಸಂಗೀತವನ್ನು ಕೇಳಬಯಸುವವನಿಗೆ ಒಂದು ಪುಟ್ಟ ಸಾಧನವನ್ನೂ ಕೈಗಿಡುತ್ತದೆ. ಮೂಲದ ಮೇಲಣ ಇಂಥ ಗೌರವವು ಪುನಾರಚನೆಗೆ ಕೈಹಚ್ಚಿದ ಎಲ್ಲರಲ್ಲಿಯೂ ಇರತಕ್ಕದ್ದು.

ಆದರೆ ಅವರು ಮುಟ್ಟದೆ ಬಿಟ್ಟ ಸಂಗತಿಗಳಲ್ಲಿಯೇ ಅವರ ವಿವೇಕವು ಹೆಚ್ಚಾಗಿ ಪ್ರಕಟವಾಗಿದೆ. ಈ ಆಟದಲ್ಲಿ ನಮ್ಮ ದಿನವೇ ಅದರ ದಿನ, ನಮ್ಮ ರಾತ್ರಿಯೇ ಅದರ ರಾತ್ರಿ. ಯೂನಿಯನ್ ಗವಿಯ ತಳದ ನೀರಿನಲ್ಲಿ ಲ್ಯಾಪ್ರಾಸ್ ಎಂಬ ಜಲಚರವು ಶುಕ್ರವಾರ ಮಾತ್ರ ಕಾಣಿಸಿಕೊಳ್ಳುತ್ತದೆ; ಹುಳು ಹಿಡಿಯುವ ಪಂದ್ಯವು ಮಂಗಳವಾರ, ಗುರುವಾರ, ಶನಿವಾರಗಳಂದು ಮಾತ್ರ ನಡೆಯುತ್ತದೆ. ಎಲ್ಲವೂ ಬೇಕೆಂದಾಗ ದೊರೆಯಬೇಕೆಂಬ ಈ ಕಾಲದಲ್ಲಿ, ಬುಧವಾರ ಗವಿಯನ್ನು ಹೊಕ್ಕು ಬರಿಗೈಯಲ್ಲಿ ಹೊರಬಿದ್ದ ಬಾಲಕನು, ಗೋಡೆಯ ಮೇಲಿನ ದಿನದರ್ಶಿಕೆಯನ್ನು ನೋಡಿ ಎರಡು ದಿನ ಕಾದು ಕುಳಿತುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾಯುವಿಕೆಯನ್ನು ಒಂದು ಗುಂಡಿಯನ್ನೊತ್ತಿ ತಪ್ಪಿಸುವ ಅವಕಾಶವನ್ನು ಹೊಸ ರಚನೆಕಾರರು ಸುಲಭವಾಗಿ ಕೊಡಬಹುದಾಗಿತ್ತು. ಕೊಡಲಿಲ್ಲ, ಮತ್ತು ಕೊಡದಿದ್ದುದೇ ಯೋಗ್ಯವಾಯಿತು.

ಗೋಲ್ಡನ್‌ರಾಡ್ ನಗರದ ಆಕಳ ಪ್ರಸಂಗವನ್ನಂತೂ ಸವಿಸ್ತಾರವಾಗಿಯೇ ಹೇಳಬೇಕು. ಅಲ್ಲಿಯ ಜಿಮ್ಮಿನ ಒಡತಿ ವಿಟ್ನಿ ಎಂಬ ಹುಡುಗಿಯು ಸಾಕಿರುವ ಮಿಲ್‌ಟ್ಯಾಂಕ್ ಎಂಬ ಗುಲಾಬಿ ಬಣ್ಣದ ಹಾಲಿನ ಆಕಳನ್ನು ಬಲ್ಲವರೆಲ್ಲರೂ ಬಲ್ಲರು. ಅದು ಉರುಳುತ್ತ ಬಂದು ಹೊಡೆಯುವ ಒಂದು ಪಟ್ಟನ್ನು ಕಲಿತಿದೆ: ಮೊದಲ ಸರದಿಯಲ್ಲಿ ಆ ಹೊಡೆತದ ಬಲ 30, ಎರಡನೆಯದರಲ್ಲಿ 60, ತಡೆಯಿಲ್ಲದೆ ತಗುಲುತ್ತ ಹೋದರೆ ಐದನೆಯದರಲ್ಲಿ 480. ನಮ್ಮ ಬಾಲಕನು ಆರಂಭದಲ್ಲಿ ಆರಿಸಿಕೊಂಡಿದ್ದುದು ಬೆಂಕಿಯ ಪ್ರಾಣಿ. ಬಂಡೆಯ ಜಾತಿಯ ಆ ಹೊಡೆತವು ಬೆಂಕಿಗೂ ಹಕ್ಕಿಗೂ ಹುಳುವಿಗೂ ಇಮ್ಮಡಿಯಾಗಿ ತಗುಲುತ್ತದೆ. ಅವನ ಬಳಿಯಿದ್ದುದೆಲ್ಲ ಆ ಮೂರು ಜಾತಿಯವೇ. ಹೇಗೋ ಸಾವರಿಸಿಕೊಂಡು ಆಕಳ ಬಲವನ್ನು ಅರ್ಧಕ್ಕಿಳಿಸಿದರೆ, ಅದು ತನ್ನ ಹಾಲನ್ನು ತಾನೇ ಕುಡಿದು ತನ್ನ ಪೂರ್ಣ ಬಲದ ಅರ್ಧದಷ್ಟನ್ನು ಮರಳಿ ಪಡೆಯುತ್ತದೆ. “ಮುತ್ಯಾ, ಈ ಆಕಳ ಹಾಲ ಕುಡದು ಮತ್ತ ಗಟ್ಟಿ ಆತ್ ನೋಡ್ರಿ!” ಎಂದು ಅವನು ಕೂಗಿದಾಗ ಅವನ ದನಿಯಲ್ಲಿ ಕೋಪವೂ ಮೆಚ್ಚುಗೆಯೂ ಬೆರೆತಿದ್ದವು. ಸೋತನು, ಮತ್ತೆ ಸೋತನು. ಯಂತ್ರವನ್ನು ಮಂಚದ ಮೇಲಿಟ್ಟು ಶೇಂಗಾದ ಹಿಂಡಿಯೊಡನೆ ಕಡಕ ರೊಟ್ಟಿಯನ್ನು ಮುರಿಯುತ್ತ ಬಹಳ ಹೊತ್ತು ಮಾತಾಡದೆ ಕುಳಿತನು. ಹೇಳಿಕೊಡಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದುದನ್ನು ನುಂಗಿಕೊಂಡೆ.

ಮರುದಿನ ಅವನು ತಾನಾಗಿಯೇ ಬಂದ ದಾರಿಯಲ್ಲಿ ಹಿಂದಿರುಗಿ, ಗವಿಯನ್ನು ಹೊಕ್ಕು, ಮೊದಲು ತಿರಸ್ಕರಿಸಿ ಬಿಟ್ಟುಬಂದಿದ್ದ ಜಿಯೋಡ್ಯೂಡ್ ಎಂಬ ಕಲ್ಲುಗುಂಡಿನಂಥ ಪ್ರಾಣಿಗಳನ್ನು ಹುಡುಕತೊಡಗಿದನು. ಗಂಡು ಬಂದರೆ ಬಿಟ್ಟು, ಹೆಣ್ಣಿಗಾಗಿ ಕಾದನು. ಏಕೆಂದರೆ ಆ ಆಕಳಿಗೆ ಗಂಡು ಪ್ರಾಣಿಗಳನ್ನು ಮೋಹಗೊಳಿಸಿ ಕೈಕಟ್ಟಿ ನಿಲ್ಲಿಸುವ ವಿದ್ಯೆಯೂ ಉಂಟು, ಹೆಣ್ಣಿನ ಮೇಲೆ ಅದು ನಡೆಯದು. ಈ ಮರ್ಮವನ್ನು ಅವನು ಸೋಲುಗಳಿಂದಲೇ ಕಂಡುಕೊಂಡಿದ್ದನು. ಕಲ್ಲಿನ ಮೈಗೆ ಆಕಳ ತುಳಿತವೂ ಉರುಳೂ ಅರ್ಧ ಮಾತ್ರ ತಗುಲುತ್ತವೆ. ಗೆದ್ದನು. ಇಲ್ಲಿ ನಾನು ವಿಶೇಷವಾಗಿ ಎತ್ತಿ ಹೇಳಬೇಕಾದ ವಿಷಯವೊಂದಿದೆ: 1999ರ ಮೂಲದಲ್ಲಿ ಭೂತಜಾತಿಯ ಪ್ರಾಣಿಯನ್ನು ಮುಂದಿಟ್ಟರೆ ಆಕಳ ತುಳಿತವು ಅದನ್ನು ಮುಟ್ಟುತ್ತಿರಲಿಲ್ಲ, ಪುನಾರಚಕರು ಆಕಳಿಗೆ ಹೊಸ ಗುಣವೊಂದನ್ನು ಕೊಟ್ಟು ಆ ಆಶ್ರಯವನ್ನೂ ಮುಚ್ಚಿಬಿಟ್ಟರು. ದಾರಿಯನ್ನು ಎಲ್ಲೆಲ್ಲಿಯೂ ಸುಗಮಗೊಳಿಸಿದ ಅದೇ ಕೈಗಳು ಈ ಒಂದು ಬಾಗಿಲನ್ನು ಹೆಚ್ಚು ಭದ್ರಗೊಳಿಸಿದುವೆಂದರೆ, ಯಾವ ಕಷ್ಟವು ತಮ್ಮ ಕೃತಿಯ ಜೀವವೆಂಬುದನ್ನು ಅವರು ಅರಿತಿದ್ದರು.

ಸೊಲ್ಲಾಪುರದವರಾದ ನಮಗೆ ಈ ಅರಿವು ಅಪರಿಚಿತವಾಗಿರಬೇಕಾದುದಿಲ್ಲ. ಈ ಊರಿನ ಸಿದ್ಧರಾಮನ ಕಥೆಯನ್ನು 13ನೆಯ ಶತಮಾನದಲ್ಲಿ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ ಹಾಡಿದನು. ಶತಮಾನಗಳು ಉರುಳಿದ ಮೇಲೆ ಅದೇ ಕಥೆಯನ್ನು ಈ ಊರಿನ ಮಗಳಾದ ಜಯದೇವಿತಾಯಿ ಲಿಗಾಡೆಯವರು ಜನರ ಬಾಯಿಗೆ ಹತ್ತಿರವಾದ ತ್ರಿಪದಿಯಲ್ಲಿ ಮರಳಿ ರಚಿಸಿದರು. ಹೊಲವನ್ನು ಕಾಯುತ್ತಿದ್ದ ಮುಗ್ಧ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದು ಉಣ್ಣಲು ಬೇಡುವುದು, ಬಾಲಕನು ಮನೆಗೋಡಿ ತರುವಷ್ಟರಲ್ಲಿ ಅವನು ಮಾಯವಾಗುವುದು, ‘ಮಲ್ಲಯ್ಯಾ’ ಎಂದು ಅಳುತ್ತ ಆ ಎಳೆಯ ಕಾಲುಗಳು ಶ್ರೀಶೈಲದವರೆಗೆ ನಡೆಯುವುದು, ಕಾಣದೆ ಹತಾಶನಾಗಿ ಕಮರಿಯ ಅಂಚಿಗೆ ಬಂದು ನಿಲ್ಲುವುದು ಇವೆಲ್ಲವನ್ನು ಬಲ್ಲ ನಮ್ಮ ಮನೆಗಳ ಹೆಂಗಸರು ಆ ನಡಿಗೆಯನ್ನು ಮೊಟಕುಗೊಳಿಸಿದ ಕಥೆಯನ್ನು ಸಿದ್ಧರಾಮನ ಕಥೆಯೆಂದು ಒಪ್ಪುವುದುಂಟೆ? ಷಟ್ಪದಿಯ ಪ್ರೌಢಬಂಧವನ್ನು ಬಿಟ್ಟು ತ್ರಿಪದಿಯನ್ನು ಹಿಡಿದಾಗ ತಾಯಿಯವರು ಕೇಳುಗರ ಕಷ್ಟವನ್ನು ಕಳೆದರು. ಬಾಲಕನ ಕಷ್ಟವನ್ನು ಕಳೆಯಲಿಲ್ಲ. ಸಿದ್ಧರಾಮನ ಗಡ್ಡೆಯ ಜಾತ್ರೆಯಲ್ಲಿ 68 ಲಿಂಗಗಳಿಗೆ ನಂದಿಕೋಲುಗಳನ್ನು ಹೊತ್ತು ನಡೆಯುವವರೂ ಹಾಗೆಯೇ: ದಾರಿಗೆ ಡಾಂಬರು ಬಂದಿದೆ, ವಿದ್ಯುದ್ದೀಪ ಬಂದಿದೆ, ಲಿಂಗಗಳ ಸಂಖ್ಯೆಯನ್ನು ಕಡಿಮೆ ಮಾಡೋಣವೆಂದು ಯಾರೂ ಸೂಚಿಸಿಲ್ಲ.

ಈ ವಿವೇಕವು ಮುಂದಿನ ಪುನಾರಚನೆಗಳಲ್ಲಿ ನಿಲ್ಲಲಿಲ್ಲವೆಂಬುದು ನನ್ನ ದೂರು. 2006ರಲ್ಲಿ ಬಂದ ‘ಡೈಮಂಡ್’, ‘ಪರ್ಲ್’ ಆಟಗಳನ್ನು 2021ರ ನವೆಂಬರದಲ್ಲಿ ಇಲ್ಕಾ ಎಂಬ ಬೇರೊಂದು ಸಂಸ್ಥೆಯ ಕೈಯಿಂದ ಮರಳಿ ರಚಿಸಿ, ‘ಬ್ರಿಲಿಯಂಟ್ ಡೈಮಂಡ್’, ‘ಶೈನಿಂಗ್ ಪರ್ಲ್’ ಎಂದು ಸ್ವಿಚ್ ಯಂತ್ರಕ್ಕೆ ತರಲಾಯಿತು. ಪುಣೆಯಲ್ಲಿ ತಮ್ಮನ ಮಗನ ಮನೆಯಲ್ಲಿ ಅದನ್ನೂ ನಾನು ಮುಗಿಸಿದ್ದೇನೆ. ಬೀದಿಗಳು, ಮನೆಗಳು, ತಿರುವುಗಳು, ಮಾತುಗಳು ಎಲ್ಲವೂ ಮೂಲದಲ್ಲಿದ್ದಂತೆಯೇ ಇವೆ. ಹೊರನೋಟಕ್ಕೆ ಇದಕ್ಕಿಂತ ನಿಷ್ಠೆಯ ಪ್ರತಿಕೃತಿ ಇರಲಾರದು. ಗಿಡ ಕಡಿಯಲು, ನೀರು ದಾಟಲು ಒಂದು ಪ್ರಾಣಿಗೆ ಆ ವಿದ್ಯೆಯನ್ನು ಕಲಿಸಿ ಅದರ ನಾಲ್ಕು ಪಟ್ಟುಗಳಲ್ಲಿ ಒಂದನ್ನು ವ್ಯರ್ಥಗೊಳಿಸಬೇಕಾಗಿದ್ದ ಹಳೆಯ ಪೀಡೆಯನ್ನು ತೆಗೆದುದು ಶ್ಲಾಘ್ಯ. ಆದರೆ ಮೂಲದಲ್ಲಿ ಕಾದಾಡಿದ ಪ್ರಾಣಿಗೆ ದೊರೆಯುತ್ತಿದ್ದ ಅನುಭವಾಂಕವು ಇಲ್ಲಿ ಸುಮ್ಮನೆ ನಿಂತ ಇಡೀ ತಂಡಕ್ಕೂ ಹಂಚಿಹೋಗುತ್ತದೆ. ಬೇಡವೆಂದರೂ ಅದನ್ನು ನಿಲ್ಲಿಸುವ ಉಪಾಯವಿಲ್ಲ. ಯಾವ ಪ್ರಾಣಿಯನ್ನು ಬೆಳೆಸಬೇಕು, ಯಾವುದನ್ನು ಬಿಡಬೇಕು ಎಂಬ ವಿಚಾರಕ್ಕೆ ಇದರಿಂದ ಎಡೆಯೇ ಇಲ್ಲದಾಯಿತು. ಒಮ್ಮೆ ಕಂಡ ಶತ್ರುವಿಗೆ ಯಾವ ಪಟ್ಟು ತಗುಲುತ್ತದೆಂಬುದನ್ನೂ ಯಂತ್ರವೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಹೀಗೆ ಏನನ್ನೂ ಕಲಿಯದೆ ಕೊನೆಯ ಮಂದಿರದವರೆಗೆ ನಡೆದುಬಂದ ಆಟಗಾರನ ಮೇಲೆ ಸಿಂಥಿಯಾ ಎಂಬ ಚಾಂಪಿಯನ್ನಳು ಪೂರ್ಣ ಸಿದ್ಧತೆಯ ತಂಡದೊಡನೆ ಎರಗುತ್ತಾಳೆ. ಅಲ್ಲಿಯ ಸೋಲು ಅವನಿಗೆ ಅನ್ಯಾಯವೆಂದು ತೋರಿದರೆ ತಪ್ಪು ಅವನದಲ್ಲ. ಅವನನ್ನು ಸಿದ್ಧಗೊಳಿಸಬೇಕಾಗಿದ್ದ ಸಣ್ಣ ಸಣ್ಣ ಸೋಲುಗಳನ್ನು ಮಧ್ಯದಾರಿಯಲ್ಲಿ ಕಿತ್ತುಕೊಂಡವರದು.

‘ಹಾರ್ಟ್‌ಗೋಲ್ಡ್’ ನಿರ್ದೋಷವೆಂದು ನಾನು ಹೇಳಲಾರೆ. ಎಂಟು ಬ್ಯಾಜುಗಳ ತರುವಾಯ ಚಾಂಪಿಯನ್ ಲ್ಯಾನ್ಸನ ಅತ್ಯಂತ ಬಲಿಷ್ಠ ಪ್ರಾಣಿಯು 50ನೆಯ ಲೆವೆಲ್ಲಿನಲ್ಲಿ ನಿಂತಿರುತ್ತದೆ. ಮೊದಲ ಆಟದ ನಾಡಾದ ಕಾಂಟೋವನ್ನು ಸುತ್ತಿ ಇನ್ನೆಂಟು ಬ್ಯಾಜುಗಳನ್ನು ಗಳಿಸಿ ಸಿಲ್ವರ್ ಬೆಟ್ಟದ ಶಿಖರವನ್ನೇರಿದರೆ, ಅಲ್ಲಿರುವ ರೆಡ್ ಎಂಬ ಮೂಕ ಯೋಧನ ಪಿಕಾಚು 88ನೆಯದರಲ್ಲಿರುತ್ತದೆ. ಮೂಲದಲ್ಲಿ ಅದು 81 ಆಗಿತ್ತು. ಈ ಎರಡು ಮೆಟ್ಟಿಲುಗಳ ನಡುವಣ ಕಂದರವನ್ನು ತುಂಬಲು ದಾರಿಯಲ್ಲಿ ಸಮಬಲದ ಎದುರಾಳಿಗಳು ಸಾಲದೆ, ದುರ್ಬಲ ಪ್ರಾಣಿಗಳನ್ನು ಬಡಿಬಡಿದು ದಿನಗಳೆಯಬೇಕಾಗುತ್ತದೆ. ಬುದ್ಧಿಗೆ ಕೆಲಸವಿಲ್ಲದೆ ಹೆಬ್ಬೆರಳಿಗೆ ಮಾತ್ರ ಕೆಲಸವಿರುವ ಈ ಕಷ್ಟವು ಮೂಲದಲ್ಲಿಯೇ ಇದ್ದ ದೋಷ. ಪುನಾರಚಕರು ಅದನ್ನು ತಿದ್ದುವುದರ ಬದಲು ಎತ್ತರಿಸಿಬಿಟ್ಟರು.

ಇನ್ನು ನನ್ನ ಮನಸ್ಸನ್ನು ಬಹುವಾಗಿ ನೋಯಿಸಿದ ವಿಷಯಕ್ಕೆ ಬರುತ್ತೇನೆ. ನಾಗಣಸೂರ, ತಡವಳ, ಕರಜಗಿ, ಮೈಂದರಗಿ, ದುಧನಿ ಮೊದಲಾದ ಊರುಗಳ ಬಾಲಕನು ಮನೆಯಲ್ಲಿ ಕನ್ನಡವನ್ನಾಡುತ್ತಾನೆ, ಕಚೇರಿಯಲ್ಲಿಯೂ ಬಸ್ಸಿನ ಫಲಕದ ಮೇಲೂ ಮರಾಠಿಯನ್ನೋದುತ್ತಾನೆ, ದೂರದರ್ಶನದಲ್ಲಿ ಹಿಂದಿಯನ್ನು ಕೇಳುತ್ತಾನೆ. ಅಕ್ಕಲಕೋಟೆಯ ವಟವೃಕ್ಷ ಮಂದಿರದ ಮುಂದಿನ ತೆಂಗಿನಕಾಯಿಯ ಅಂಗಡಿಯಲ್ಲಿ ಕುಳಿತ ಹುಡುಗನು ಒಂದೇ ಗಳಿಗೆಯಲ್ಲಿ ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡುವುದನ್ನು ಯಾತ್ರಿಕರೆಲ್ಲರೂ ಕಂಡಿದ್ದಾರೆ. ಭಾಷಾಸಂಪತ್ತು ಇಷ್ಟಿರುವ ಮಗುವಿನ ಮುಂದೆ ಈ ಆಟವು ಆತನ ಮೂರು ಭಾಷೆಗಳಲ್ಲಿ ಒಂದನ್ನೂ ಆಡುವುದಿಲ್ಲ. “ಓದಾಕ ಬರ್ತದ್ರಿ ಮುತ್ಯಾ, ತಿಳ್ಯಾಂಗಿಲ್ರಿ” ಎಂದು ನಮ್ಮ ಬಾಲಕನು ಮೊದಲ ದಿನವೇ ಹೇಳಿದನು. ಆಕಳ ಉರುಳಿನ ಹೆಸರನ್ನು ಅವನು ಅಕ್ಷರಗಳ ಆಕಾರದಿಂದ ಗುರುತಿಸುತ್ತಿದ್ದನೇ ಹೊರತು ಅರ್ಥದಿಂದಲ್ಲ. ಆಲಿವೀನ್ ಊರಿನ ದೀಪಸ್ತಂಭದ ಮೇಲೆ ಕಾಯಿಲೆಬಿದ್ದ ಪ್ರಾಣಿಯೊಂದಿದೆ, ಅದನ್ನು ಬಿಟ್ಟು ಕಾದಾಡಲು ಅಲ್ಲಿಯ ಜಿಮ್ಮಿನ ಹುಡುಗಿಗೆ ಮನಸ್ಸಿಲ್ಲ, ಸಮುದ್ರವನ್ನು ದಾಟಿ ಔಷಧವನ್ನು ತಂದುಕೊಡಬೇಕು. ಆಟದ ಹೃದಯವೇ ಆದ ಈ ಕರುಣೆಯ ಪ್ರಸಂಗವು ಅವನಿಗೆ ನಾನು ಕನ್ನಡದಲ್ಲಿ ಹೇಳುವವರೆಗೆ ಬಾಗಿಲು ತೆರೆಯದ ಜಿಮ್ಮೊಂದರ ತಾಪತ್ರಯವಾಗಿತ್ತು. ಹೇಳಿದ ಮೇಲೆ ಔಷಧ ತರಲು ಅವನು ಪಟ್ಟ ಆತುರವನ್ನು ನೋಡಬೇಕಾಗಿತ್ತು. ರಚನೆಕಾರರು ಎಂದೂ ಉದ್ದೇಶಿಸದ ಕಷ್ಟವಿದು, ಕಥೆಗೂ ಆಟಕ್ಕೂ ಸಂಬಂಧಿಸದ ಕಷ್ಟ. ತೆಗೆಯಬಾರದುದನ್ನು ಶ್ರಮವಹಿಸಿ ತೆಗೆದವರು, ಎಲ್ಲಕ್ಕಿಂತ ಮೊದಲು ತೆಗೆಯಬೇಕಾದ ಇದನ್ನು ಇದ್ದಲ್ಲಿಯೇ ಬಿಟ್ಟಿದ್ದಾರೆ.

ಇದು ಅಸಾಧ್ಯದ ಬೇಡಿಕೆಯೆಂದು ಹೇಳುವವರು ಚೀನೀ ಭಾಷೆಯ ಉದಾಹರಣೆಯನ್ನು ನೋಡಲಿ. ಮೊದಲ ಆಟವು ಬಂದು 20 ವರ್ಷಗಳಾಗುವವರೆಗೆ ಈ ಮುಖ್ಯ ಮಾಲಿಕೆಯಲ್ಲಿ ಚೀನೀ ಭಾಷೆಯಿರಲಿಲ್ಲ. 2016ರಲ್ಲಿ ‘ಸನ್’, ‘ಮೂನ್’ ಆಟಗಳಿಂದ ಅದು ಎರಡೂ ಲಿಪಿಗಳಲ್ಲಿ ಸೇರಿತು, 2021ರ ಪುನಾರಚನೆಯಲ್ಲಿಯೂ ಇತ್ತು. ಫೋನಿನಲ್ಲಿ ಆಡುವ ‘ಪೋಕೆಮಾನ್ ಗೋ’ ಆಟಕ್ಕೆ 2023ರಲ್ಲಿ ಹಿಂದಿ ಬಂದಾಗ 800ಕ್ಕೂ ಮಿಕ್ಕ ಪ್ರಾಣಿಗಳಿಗೆ ಹಿಂದಿಯ ಹೆಸರುಗಳನ್ನಿಟ್ಟರು. ಕೆಲಸ ಮಾಡಬೇಕೆಂಬ ಮನಸ್ಸು ಬಂದಾಗ ಹೆಸರುಗಳ ಸಂಖ್ಯೆಯು ಅಡ್ಡಿಯಾಗಲಿಲ್ಲ. ಕನ್ನಡದಲ್ಲಿಯೂ ಪ್ರಾಣಿಗಳಿಗೆ ಹೆಸರಿಡಬಲ್ಲ ಕಲ್ಪನಾಶಕ್ತಿಗೆ ಕೊರತೆಯಿಲ್ಲ: ಇಲ್ಲಿಗೆ ಸಮೀಪದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯವನ್ನು ಸ್ಥಾಪಿಸಿ ಕಾಪಾಡಲೆಳಸಿದ, ಈಗ ಕಾಣುವುದೇ ದುರ್ಲಭವಾಗಿರುವ, ಮಾಳಢೋಕವೆಂದು ಮರಾಠಿಗರು ಕರೆಯುವ ಹಿರಿಯ ಹಕ್ಕಿಯನ್ನು ಕನ್ನಡದ ರೈತರು ಎರೆಭೂತವೆಂದು ಕರೆದವರು.

ಈ ಆಟಗಳಲ್ಲಿ ಮಕ್ಕಳ ಕಾಲ ಹಾಳಾಗುತ್ತದೆಂಬ ಆಕ್ಷೇಪವನ್ನು ನಾನು ಕೇಳಿಲ್ಲದೆ ಇಲ್ಲ. ಏನನ್ನೂ ಬೇಡದ ಆಟದಲ್ಲಿ ಕಾಲವು ಹಾಳಾಗುತ್ತದೆ, ನಿಜ. ಫೋನಿನ ಪರದೆಯ ಮೇಲೆ ಬೆರಳಾಡಿಸುತ್ತ ಕುಳಿತ ಮಗುವಿನಿಂದ ಯಾರೂ ಏನನ್ನೂ ಬೇಡುತ್ತಿಲ್ಲ. ಆದರೆ ಶುಕ್ರವಾರಕ್ಕಾಗಿ ಕಾದ, ಸೋತ ಕಾರಣವನ್ನು ತಾನೇ ಶೋಧಿಸಿದ, ತಿರಸ್ಕರಿಸಿದ ಕಲ್ಲುಗುಂಡನ್ನು ಹುಡುಕಿಕೊಂಡು ಹಿಂದಿರುಗಿದ ಬಾಲಕನು ಆ ಹೊತ್ತಿನಲ್ಲಿ ಮಾಡಿದುದನ್ನು ಅಭ್ಯಾಸವೆಂದು ಕರೆಯಲು ನನಗೆ ಸಂಕೋಚವಿಲ್ಲ. ಹಿರಿಯರು ಆ ಯಂತ್ರವನ್ನು ಕಸಿದುಕೊಳ್ಳುವ ಮುನ್ನ ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತು, ಅವನು ಯಾವುದರಲ್ಲಿ ಸೋಲುತ್ತಿದ್ದಾನೆಂದು ಕೇಳಲಿ.

ಜಯದೇವಿತಾಯಿಯವರು ಶಾಲೆಯಲ್ಲಿ ಮರಾಠಿಯನ್ನು ಓದಿ, ಕನ್ನಡವನ್ನು ಸ್ವಪ್ರಯತ್ನದಿಂದ ಕಲಿತು, ವಚನಗಳನ್ನು ಮರಾಠಿಗೆ ತಂದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆಯಾದರು; ಎರಡು ಭಾಷೆಗಳ ನಡುವೆ ಬಾಳಿದವರ ಸಾಮರ್ಥ್ಯಕ್ಕೆ ಈ ಊರಿನಲ್ಲಿ ಬೇರೆ ಸಾಕ್ಷ್ಯವು ಬೇಕಿಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಶಿಕ್ಷಕರಲ್ಲಿ ಅಂಥ ಸಾಮರ್ಥ್ಯದವರು ಇಂದಿಗೂ ಇದ್ದಾರೆ. 1999ರ ಆಟಕ್ಕೆ 2009ರಲ್ಲಿ, 2006ರದಕ್ಕೆ 2021ರಲ್ಲಿ ಮರುಹುಟ್ಟು ಬಂದಿತು. ಈ ಕ್ರಮದಲ್ಲಿ ಮುಂದಿನ ಸರದಿಯು 2010ರಲ್ಲಿ ಬಂದ ‘ಬ್ಲ್ಯಾಕ್’, ‘ವೈಟ್’ ಆಟಗಳದು. ಅವುಗಳ ಪುನಾರಚನೆಗೆ ಯಾರು ಕೈಹಚ್ಚುವರೋ ಅವರು ಅನುಭವಾಂಕದ ಹಂಚಿಕೆಯನ್ನು ನಿಲ್ಲಿಸುವ ಅಧಿಕಾರವನ್ನು ಆಟಗಾರನಿಗೆ ಮರಳಿ ಕೊಡಲಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಸೇರಿಸಲಿ. ನಮ್ಮ ಕನ್ನಡ ಸಂಘಸಂಸ್ಥೆಗಳು ಗ್ರಂಥಗಳ ಅನುವಾದಕ್ಕೆ ತೋರುವ ಆಸ್ಥೆಯಲ್ಲಿ ಸ್ವಲ್ಪವನ್ನು ಇದಕ್ಕೂ ಮೀಸಲಿಟ್ಟು, ಬೇಡಿಕೆಯ ಪತ್ರವನ್ನು ಈಗಿನಿಂದಲೇ ಬರೆಯಲು ಆರಂಭಿಸಲಿ.